ಹದಿನಾರರ ಗೆರೆ: ಹತ್ತು ವರ್ಷಗಳ ಲೆಕ್ಕ

2016ರ ಜನವರಿ 15ರಂದು ಜಾರಿಗೆ ಬಂದ ಬಾಲ ನ್ಯಾಯ ಕಾಯ್ದೆಗೆ 2026ರ ಜನವರಿಯಲ್ಲಿ ಹತ್ತು ವರ್ಷ ತುಂಬಿತು. ಕೊಲೆ, ಅತ್ಯಾಚಾರದಂಥ ಘೋರ ಅಪರಾಧದ ಆರೋಪ ಹೊತ್ತ ಹುಡುಗನಿಗೆ ಹದಿನಾರು ತುಂಬಿದ್ದರೆ, ಹದಿನೆಂಟು ಆಗಿರದಿದ್ದರೂ ಅವನನ್ನು ದೊಡ್ಡವರಂತೆ ವಿಚಾರಣೆಗೆ ಗುರಿಪಡಿಸಬಹುದು ಎಂದು ಹೇಳಿದ್ದು ಈ ಕಾಯ್ದೆ. ಅದು ಬಂದಾಗ ದೇಶ ಎರಡು ಪಾಳಯವಾಗಿತ್ತು. ಕೊಂದವನಿಗೆ ವಯಸ್ಸಿನ ರಿಯಾಯಿತಿ ಯಾಕೆ ಎಂದು ಒಂದು ಪಾಳಯ ಕೇಳಿತು. ಹುಡುಗನನ್ನು ಜೈಲಿಗೆ ಹಾಕಿದರೆ ಹೊರಬರುವವನು ಪಕ್ಕಾ ಅಪರಾಧಿ ಎಂದು ಇನ್ನೊಂದು ಪಾಳಯ ಎಚ್ಚರಿಸಿತು. ಹತ್ತು ವರ್ಷ ಒಂದು ಕಾಯ್ದೆಯನ್ನು ತೂಗಿ ನೋಡಲು ಸಾಕಾಗುವಷ್ಟು ಕಾಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಈ ಸೀಮೆಯಲ್ಲಿ ನಿಂತು ಆ ಲೆಕ್ಕ ತೆಗೆಯುವುದು ಈ ಬರಹದ ಉದ್ದೇಶ.

ಮೊದಲು ಹಿನ್ನೆಲೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರ, ಕೊಲೆಯ ಕ್ರೌರ್ಯದ ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವು ತಿಂಗಳು ಬಾಕಿಯಿತ್ತು. 2013ರ ಆಗಸ್ಟ್ 31ರಂದು ಅವನಿಗೆ ಆಗಿನ ಕಾನೂನು ಅನುಮತಿಸುತ್ತಿದ್ದ ಗರಿಷ್ಠ ಮೂರು ವರ್ಷ ವಿಧಿಸಲಾಯಿತು. 2015ರ ಡಿಸೆಂಬರ್ 20ರಂದು ಅವನು ಹೊರಬಂದ. ಎರಡೇ ದಿನಕ್ಕೆ, ಡಿಸೆಂಬರ್ 22ರಂದು, ರಾಜ್ಯಸಭೆ ಹೊಸ ಮಸೂದೆಯನ್ನು ಅಂಗೀಕರಿಸಿತು. ಲೋಕಸಭೆ ಅದನ್ನು ಮೇ ತಿಂಗಳಲ್ಲೇ ಒಪ್ಪಿತ್ತು. ಘಟನೆ ನಡೆದ ಕೂಡಲೇ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ, ವಯಸ್ಸಿನ ಮಿತಿಯನ್ನು ಹದಿನಾರಕ್ಕೆ ಇಳಿಸಬೇಕಿಲ್ಲ ಎಂದು 2013ರ ಜನವರಿಯಲ್ಲೇ ಹೇಳಿತ್ತು. ಅದೇ ವರ್ಷದ ಜುಲೈನಲ್ಲಿ ಸಲೀಲ್ ಬಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹದಿನೆಂಟರ ಮಿತಿಯನ್ನು ಎತ್ತಿಹಿಡಿದಿತ್ತು. ಸಂಸತ್ತಿನ ಸ್ಥಾಯಿ ಸಮಿತಿಯೂ 2015ರಲ್ಲಿ ಆಕ್ಷೇಪ ಎತ್ತಿತ್ತು. ಇಷ್ಟೆಲ್ಲ ಆದರೂ ಮಸೂದೆ ಕಾಯ್ದೆಯಾಯಿತು. ಅದರ ಹಿಂದೆ ಇದ್ದದ್ದು ಮಗಳನ್ನು ಕಳೆದುಕೊಂಡ ಒಬ್ಬ ತಾಯಿಯ ಕಣ್ಣೀರು ಮತ್ತು ಇಡೀ ದೇಶದ ಸಿಟ್ಟು. ಆ ಸಿಟ್ಟು ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಸಿಟ್ಟು ತಣಿದ ಮೇಲೆ ಮಾಡಬೇಕಾದ ಕೆಲಸವನ್ನು ನಾವು ಮಾಡಿದೆವೇ ಎಂಬುದು ಇವತ್ತಿನ ಪ್ರಶ್ನೆ.

ಹದಿನಾರರ ಗೆರೆ ನಮಗೆ ತೀರಾ ಹೊಸದಲ್ಲ. 1986ರ ಬಾಲ ನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂದಿತ್ತು. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿದ ಮೇಲೆ, 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಎಂದು ಸರಿಪಡಿಸಿತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮಣ್ಣಿನದೇ ಒಂದು ಉದಾಹರಣೆ ಸಿಗುತ್ತದೆ. ಶಹಾಬಾದ್ ಬಳಿಯ ಮರತೂರು ತನ್ನ ಊರಿನವನೆಂದು ಹೆಮ್ಮೆಪಡುವ ವಿಜ್ಞಾನೇಶ್ವರ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ‘ಮಿತಾಕ್ಷರಾ’ ಬರೆದವನು. ಆ ಧರ್ಮಶಾಸ್ತ್ರ ಪರಂಪರೆಯಲ್ಲಿ ಹದಿನಾರು ತುಂಬದವನಿಗೆ ಪ್ರಾಯಶ್ಚಿತ್ತ ಅರ್ಧ ಎಂಬ ಮತವಿತ್ತು. ಜಾತಿ ನೋಡಿ ದಂಡ ಅಳೆಯುತ್ತಿದ್ದ ಆ ವ್ಯವಸ್ಥೆ ನಮಗೆ ಬೇಡ, ಸಂವಿಧಾನ ಅದನ್ನು ತೊಡೆದುಹಾಕಿದೆ. ಆದರೆ ಎಳೆಯನ ತಪ್ಪನ್ನೂ ಬಲಿತವನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ ಎಂಬುದು ನೆನಪಿರಲಿ.

ಈಗ ಕಾಯ್ದೆ ಏನು ಹೇಳುತ್ತದೆ ನೋಡೋಣ. ಕನಿಷ್ಠ ಏಳು ವರ್ಷ ಶಿಕ್ಷೆ ನಿಗದಿಯಾಗಿರುವ ಅಪರಾಧ ‘ಘೋರ’. ಹದಿನಾರು ದಾಟಿದವನ ಮೇಲೆ ಇಂಥ ಆರೋಪ ಬಂದರೆ ಬಾಲ ನ್ಯಾಯ ಮಂಡಳಿ 15ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಆ ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ಏನೆಂದು ತಿಳಿದಿತ್ತೇ, ಯಾವ ಸನ್ನಿವೇಶದಲ್ಲಿ ಇದು ನಡೆಯಿತು ಎಂದು ನೋಡಬೇಕು. ನೋಡಿ, ಪ್ರಕರಣವನ್ನು ತನ್ನಲ್ಲೇ ಉಳಿಸಿಕೊಳ್ಳಬಹುದು ಅಥವಾ ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸಬಹುದು. ಅಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದರೂ ಮರಣದಂಡನೆ ಇಲ್ಲ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯೂ ಇಲ್ಲ. ಇಪ್ಪತ್ತೊಂದು ತುಂಬುವವರೆಗೆ ಅವನು ‘ಸುರಕ್ಷತಾ ಸ್ಥಳ’ದಲ್ಲಿರಬೇಕು, ಜೈಲಿನಲ್ಲಲ್ಲ. ಇಪ್ಪತ್ತೊಂದಾದಾಗ ನ್ಯಾಯಾಲಯ ಮತ್ತೆ ಅವನನ್ನು ಕರೆದು, ಬದಲಾಗಿದ್ದಾನೆಯೇ, ಸಮಾಜಕ್ಕೆ ಉಪಯುಕ್ತನಾಗಿ ಬಾಳಬಲ್ಲನೇ ಎಂದು ಪರಿಶೀಲಿಸಬೇಕು. ಹೌದಾದರೆ ಬಿಡುಗಡೆ, ಇಲ್ಲವಾದರೆ ಉಳಿದ ಶಿಕ್ಷೆಗೆ ಜೈಲು.

ಈ ಕೊನೆಯ ಭಾಗ ಬಹಳ ಜನರಿಗೆ ಗೊತ್ತೇ ಇಲ್ಲ. ಗೊತ್ತಾದರೆ ಹತ್ತು ವರ್ಷದ ‘ಶಿಕ್ಷೆಯೋ ಸುಧಾರಣೆಯೋ’ ಎಂಬ ವಾದ ಎಷ್ಟು ಟೊಳ್ಳು ಎಂದು ತಿಳಿಯುತ್ತದೆ. ಅತ್ಯಂತ ಕಠಿಣವಾದ ದಾರಿಯಲ್ಲೂ ಕಾಯ್ದೆ ಕೊನೆಗೆ ಕೇಳುವುದು ಸುಧಾರಣೆಯ ಲೆಕ್ಕವನ್ನೇ. ಒಬ್ಬ ಹುಡುಗ ಮೂರು ನಾಲ್ಕು ವರ್ಷ ಸುರಕ್ಷತಾ ಸ್ಥಳದಲ್ಲಿ ಕಳೆದು, ಅವನಿಗೆ ಓದಿಸಿದವರಿಲ್ಲ, ಕಸುಬು ಕಲಿಸಿದವರಿಲ್ಲ, ಕೂತು ಮಾತಾಡಿಸಿದ ಆಪ್ತ ಸಮಾಲೋಚಕರಿಲ್ಲ ಎಂದಾದರೆ, ನ್ಯಾಯಾಲಯದ ಮುಂದೆ ಬರುವ ಪ್ರಗತಿ ವರದಿಯಲ್ಲಿ ಏನಿರುತ್ತದೆ? ವರದಿ ಖಾಲಿಯಿದ್ದರೆ ಅವನು ಜೈಲಿಗೆ ಹೋಗುವುದು ತನ್ನ ದೋಷದಿಂದಲೋ, ಸರ್ಕಾರದ ದೋಷದಿಂದಲೋ?

ಈ ವ್ಯವಸ್ಥೆ ಹೇಗೆ ನಡೆದಿದೆ ಎನ್ನುವುದಕ್ಕೆ ಅಂಕಿಗಳಿವೆ. ‘ಇಂಡಿಯಾ ಜಸ್ಟಿಸ್ ರಿಪೋರ್ಟ್’ ಸಂಸ್ಥೆ 2025ರ ನವೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2023ರ ಅಕ್ಟೋಬರ್ ಅಂತ್ಯದವರೆಗಿನ ಒಂದು ವರ್ಷದಲ್ಲಿ 362 ಮಂಡಳಿಗಳ ಮುಂದಿದ್ದ ಪ್ರಕರಣಗಳಲ್ಲಿ ಶೇ 55ರಷ್ಟು ಇತ್ಯರ್ಥವಾಗದೆ ಉಳಿದಿದ್ದವು. ನಾಲ್ಕರಲ್ಲಿ ಒಂದು ಮಂಡಳಿಗೆ ಪೂರ್ಣ ಪೀಠವೇ ಇರಲಿಲ್ಲ. ಬಾಕಿಯ ಪ್ರಮಾಣ ಒಡಿಶಾದಲ್ಲಿ ಶೇ 83, ಕರ್ನಾಟಕದಲ್ಲಿ ಶೇ 35. ಇತರರಿಗೆ ಹೋಲಿಸಿದರೆ ನಮ್ಮ ರಾಜ್ಯ ಮುಂದಿದೆ, ಆ ಶ್ರೇಯಸ್ಸು ಕೆಲಸ ಮಾಡಿದವರಿಗೆ ಸಲ್ಲಬೇಕು. ಹಾಗಿದ್ದೂ ಮೂರರಲ್ಲಿ ಒಂದು ಪ್ರಕರಣ ಬಾಕಿ ಉಳಿಯುತ್ತದೆ. ಹದಿನೇಳರ ಹುಡುಗನಿಗೆ ಒಂದು ವರ್ಷದ ವಿಳಂಬ ಎಂದರೆ ಒಂದು ಎಸ್ಸೆಸ್ಸೆಲ್ಸಿ ಹೋಯಿತು, ಒಂದು ಐಟಿಐ ಪ್ರವೇಶ ಹೋಯಿತು ಎಂದರ್ಥ.

ಅಪರಾಧದ ಪ್ರಮಾಣವನ್ನೂ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಅಪ್ರಾಪ್ತರ ಮೇಲೆ ದಾಖಲಾದ ಪ್ರಕರಣಗಳು 2016ರಲ್ಲಿ 35,849, 2021ರಲ್ಲಿ 31,170, 2022ರಲ್ಲಿ 30,555. 2022ರಲ್ಲಿ ದೇಶದಲ್ಲಿ ದಾಖಲಾದ ಒಟ್ಟು ಪ್ರಕರಣಗಳು 58 ಲಕ್ಷಕ್ಕೂ ಹೆಚ್ಚು. ಅಂದರೆ ನೂರು ಪ್ರಕರಣಗಳಲ್ಲಿ ಅಪ್ರಾಪ್ತರದು ಒಂದೂ ಇಲ್ಲ, ಸುಮಾರು ಅರ್ಧ. ಟಿ.ವಿ. ಪರದೆಯ ಮುಂದೆ ಕುಳಿತರೆ ಹುಡುಗರೆಲ್ಲ ಚಾಕು ಹಿಡಿದು ನಿಂತಿದ್ದಾರೆ ಎಂದು ಅನಿಸುತ್ತದೆ, ಅಂಕಿಗಳು ಹಾಗೆ ಹೇಳುವುದಿಲ್ಲ. ಆದರೆ ಸಿಕ್ಕಿಬಿದ್ದವರಲ್ಲಿ ನಾಲ್ವರಲ್ಲಿ ಮೂವರು ಹದಿನಾರರಿಂದ ಹದಿನೆಂಟರ ನಡುವಿನವರು ಎಂಬುದೂ ಅದೇ ಅಂಕಿಗಳಲ್ಲಿದೆ. ಶಾಲೆ ಬಿಟ್ಟು, ಕೆಲಸ ಸಿಗದೆ, ಮನೆಗೂ ಹೊರೆಯೆನಿಸುವ ವಯಸ್ಸು ಅದು.

ಈ ಮಾತು ನಮ್ಮ ಸೀಮೆಗೆ ಬಂದರೆ ಇನ್ನಷ್ಟು ಹತ್ತಿರವಾಗುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ರಾಜ್ಯಕ್ಕೆ ಮೊದಲು ಬಂತು, ಕಲಬುರಗಿ ಶೇ 42.43 ಪಡೆದು ಕೊನೆಗೆ ಉಳಿಯಿತು. ಪರೀಕ್ಷೆ ಬರೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹದಿನಾರರ ಹೊಸ್ತಿಲಲ್ಲೇ ‘ನೀನು ಫೇಲ್’ ಎಂಬ ಮೊಹರು ಬಿತ್ತು. ಸೇಡಂ ತಾಲ್ಲೂಕಿನ ಕುರಕುಂಟಾದ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆ 1998ರಲ್ಲಿ ನಿಂತಿತು. ಅದರ ಹೊಗೆ ಕಾಣದೆಯೇ ಒಂದು ತಲೆಮಾರು ಬೆಳೆದು ನಿಂತಿದೆ. ಶಹಾಬಾದಿನ ಫರ್ಸಿ ಗಣಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕೂಲಿಯಲ್ಲಿ, ಇಲ್ಲವೇ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಈ ಹುಡುಗರ ಕೈ ಕಸುಬು ಹುಡುಕುತ್ತದೆ. ಬಡತನ ಅಪರಾಧ ಹುಟ್ಟಿಸುತ್ತದೆ ಎಂದು ನಾವು ಹೇಳುತ್ತಿಲ್ಲ. ಬಡವರ ಮನೆಯ ಲಕ್ಷಾಂತರ ಮಕ್ಕಳು ಯಾರ ಮೇಲೂ ಕೈ ಎತ್ತದೆ ದುಡಿಯುತ್ತಿದ್ದಾರೆ. ನಾವು ಹೇಳುವುದು ಇಷ್ಟು: ಜಗಳ, ಕುಡಿತ, ಕೆಟ್ಟ ಸಹವಾಸ ಒಬ್ಬ ಹುಡುಗನನ್ನು ಎಳೆದಾಗ, ಅವನನ್ನು ಹಿಡಿದು ನಿಲ್ಲಿಸಲು ಮೇಷ್ಟ್ರೋ ಕೆಲಸದ ಮೇಸ್ತ್ರಿಯೋ ಊರ ಹಿರಿಯರೋ ಇರಬೇಕು. ಆ ಹಿಡಿತ ಸಡಿಲವಾದ ಕಡೆ ಠಾಣೆಯೇ ಮೊದಲ ಹಿಡಿತವಾಗುತ್ತದೆ.

ಠಾಣೆಗೆ ಹೋದ ಮೇಲೆ ಏನಾಗುತ್ತದೆ? ಕಾಯ್ದೆಯ ಪ್ರಕಾರ ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಕಳುಹಿಸುವಂತಿಲ್ಲ, ಇಪ್ಪತ್ತನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಅವನ ವಯಸ್ಸು. ಅದಕ್ಕೆ ಶಾಲೆಯ ದಾಖಲೆ ಮೊದಲ ಆಧಾರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ನಮ್ಮ ಹಳ್ಳಿ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದು ನೋಡಿದವರಿಗೆ ಗೊತ್ತು, ಪುಟ ಪುಟಕ್ಕೂ ಜನ್ಮದಿನ ಜೂನ್ 1. ಶಾಲೆ ಶುರುವಾಗುವ ದಿನ ಅಪ್ಪ ಮಗನ ಕೈ ಹಿಡಿದು ಬರುತ್ತಿದ್ದ. ಹುಟ್ಟಿದ ದಿನ ಕೇಳಿದರೆ ‘ಆ ವರ್ಷ ಮಳಿ ಭಾಳ ಆಗಿತ್ತು ನೋಡ್ರಿ’ ಎನ್ನುತ್ತಿದ್ದ. ಹುಡುಗನ ಎತ್ತರ ನೋಡಿ ಹೆಡ್‌ಮಾಸ್ಟರು ಒಂದು ವರ್ಷ ಬರೆದು, ಮುಂದೆ ಜೂನ್ 1 ಸೇರಿಸುತ್ತಿದ್ದರು. ಆಸ್ಪತ್ರೆ ಹೆರಿಗೆ ಹೆಚ್ಚಾದ ಮೇಲೆ ಇದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಶಾಲೆಗೆ ಸೇರಿಸುವ ಸಲುವಾಗಿ ಬರೆದ ಆ ಒಂದು ಸಾಲು ಮುಂದೆ ಒಬ್ಬನನ್ನು ಮಂಡಳಿಗೆ ಕಳುಹಿಸಬೇಕೋ ಸೆಷನ್ಸ್ ನ್ಯಾಯಾಲಯಕ್ಕೆ ಕಳುಹಿಸಬೇಕೋ ಎಂದು ನಿರ್ಧರಿಸುತ್ತದೆ. ಮೂಳೆ ಪರೀಕ್ಷೆಯಲ್ಲಿ ಎರಡು ವರ್ಷ ಹೆಚ್ಚು ಕಡಿಮೆಯಾಗಬಹುದು ಎಂದು ನ್ಯಾಯಾಲಯಗಳೇ ಒಪ್ಪಿವೆ. ಹದಿನಾರು, ಹದಿನೆಂಟು ಎಂಬ ಗೆರೆಗಳು ಕಾಗದದ ಮೇಲೆ ಎಷ್ಟೇ ಖಚಿತವಾಗಿದ್ದರೂ ನಮ್ಮ ಊರುಗಳಲ್ಲಿ ಅವು ನಿಂತಿರುವುದು ಇಂಥ ಅಂದಾಜಿನ ಮೇಲೆ.

ಮುಂದಿನದು ತಾರೀಖುಗಳ ಕಥೆ. ಮಂಡಳಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಕುರಕುಂಟಾದ ಒಬ್ಬ ತಾಯಿ ಮಗನ ತಾರೀಖಿಗೆ ಹೋಗಬೇಕಾದರೆ ಬೆಳಕು ಹರಿಯುವ ಮೊದಲೇ ಏಳಬೇಕು. ಬಸ್ಸು ಹಿಡಿದು ಸೇಡಂ, ಅಲ್ಲಿಂದ ಮಳಖೇಡ ದಾಟಿ ಕಲಬುರಗಿ. ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಟಿಕೆಟ್ ಖರ್ಚಿಲ್ಲ. ಆದರೆ ತೊಗರಿ ಹೊಲದ ಅಂದಿನ ಕೂಲಿ ಹೋಗುತ್ತದೆ, ಜೊತೆಗೆ ಬರುವ ಗಂಡನದೋ ಅಣ್ಣನದೋ ಕೂಲಿಯೂ ಹೋಗುತ್ತದೆ. ಅಲ್ಲಿ ಹೋದಾಗ ಸದಸ್ಯರು ಬಂದಿಲ್ಲವೆಂದೋ ವರದಿ ಬಂದಿಲ್ಲವೆಂದೋ ಮುಂದಿನ ತಾರೀಖು ಸಿಕ್ಕರೆ, ಕೈಯಲ್ಲಿ ಒಂದು ಚೀಟಿ ಹಿಡಿದು ಸಂಜೆಯ ಬಸ್ಸಿಗೆ ಮರಳಬೇಕು. ಮಂಡಳಿ ಎಲ್ಲ ಕೆಲಸದ ದಿನಗಳಲ್ಲೂ ಕನಿಷ್ಠ ಆರು ಗಂಟೆ ಕೂರಬೇಕು ಎಂದು ನಿಯಮವಿದೆ. ಅದು ನಡೆದರೆ ಇಂಥ ಓಡಾಟ ಅರ್ಧಕ್ಕೆ ಇಳಿಯುತ್ತದೆ.

ಆ ವರದಿ ಯಾಕೆ ತಡವಾಗುತ್ತದೆ ಎಂಬುದನ್ನೂ ಹೇಳಬೇಕು. ಹುಡುಗನ ಮನೆ, ಶಾಲೆ, ಕೇರಿ, ಗೆಳೆಯರು, ಕೆಲಸ ಎಲ್ಲವನ್ನೂ ವಿಚಾರಿಸಿ ಪರಿವೀಕ್ಷಣಾಧಿಕಾರಿ ಹದಿನೈದು ದಿನದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಹುಡುಗ ಯಾರು ಎಂದು ಮಂಡಳಿಗೆ ತಿಳಿಯುವುದೇ ಅದರಿಂದ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ ಮಾದರಿಯಲ್ಲಿ ಕಾನೂನು ಹಾಗೂ ಪರಿವೀಕ್ಷಣಾಧಿಕಾರಿ ಹುದ್ದೆ ಜಿಲ್ಲೆಗೆ ಒಂದು. ಕಲಬುರಗಿ ಜಿಲ್ಲೆಯಲ್ಲಿ ಹನ್ನೊಂದು ತಾಲ್ಲೂಕುಗಳಿವೆ. ಚಿಂಚೋಳಿಯ ತಾಂಡಾದಿಂದ ಅಫಜಲಪುರದ ಭೀಮಾ ದಂಡೆಯವರೆಗೆ ತಿರುಗಿ, ಪ್ರತಿ ಮನೆಯ ಜಗಲಿಯಲ್ಲಿ ಕೂತು ಕೇಳಿ ಬರೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ.

ಪ್ರಾಥಮಿಕ ಮೌಲ್ಯಮಾಪನದ ಕಥೆಯೂ ಹೀಗೇ. ಗುರುಗ್ರಾಮದ ಶಾಲೆಯೊಂದರಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಸ್ಥಳೀಯ ಪೊಲೀಸರು ಮೊದಲು ಬಸ್ ಕಂಡಕ್ಟರನನ್ನು ಹಿಡಿದು ತಪ್ಪೊಪ್ಪಿಗೆಯನ್ನೂ ತೋರಿಸಿದರು. ಸಿಬಿಐ ತನಿಖೆಗೆ ಬಂದ ಮೇಲೆ ಆತ ನಿರಪರಾಧಿ ಎಂದಾಗಿ, ಆರೋಪ ಅದೇ ಶಾಲೆಯ ಹದಿನಾರು ವರ್ಷದ ವಿದ್ಯಾರ್ಥಿಯ ಮೇಲೆ ಬಂತು. ಅವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂಬ ಒಂದೇ ಪ್ರಶ್ನೆ ಮಂಡಳಿ, ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ ತೀರ್ಪು ಬಂದದ್ದು 2022ರ ಜುಲೈ 13ರಂದು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ, ಮೌಲ್ಯಮಾಪನ ಹೊಸದಾಗಿ ನಡೆಯಲಿ ಎಂದು ಕೋರ್ಟ್ ಹೇಳಿತು. ಅಷ್ಟರಲ್ಲಿ ಹುಡುಗನಿಗೆ ಇಪ್ಪತ್ತೊಂದು. ಐದು ವರ್ಷದ ಹಿಂದೆ ಹದಿನಾರರ ಮನಸ್ಸಿನಲ್ಲಿ ಏನಿತ್ತು ಎಂದು ಇಪ್ಪತ್ತೊಂದರ ಯುವಕನಲ್ಲಿ ಹುಡುಕಬಲ್ಲ ವಿದ್ಯೆ ಯಾರ ಬಳಿಯೂ ಇಲ್ಲ. ಸತ್ತ ಮಗುವಿನ ತಂದೆತಾಯಿಗೂ ಆ ಐದು ವರ್ಷ ಯಾವ ನ್ಯಾಯವನ್ನೂ ಕೊಡಲಿಲ್ಲ. ನಮ್ಮದೇ ರಾಜ್ಯದ ಪ್ರಕರಣವೊಂದರಲ್ಲಿ 2024ರ ಮೇ 7ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಮೌಲ್ಯಮಾಪನಕ್ಕೆ ಕಾಯ್ದೆ ಹೇಳುವ ಮೂರು ತಿಂಗಳ ಅವಧಿ ಕಡ್ಡಾಯವಲ್ಲ ಎಂದಿತು. ಮನೋತಜ್ಞರ ಕೊರತೆ ಇರುವಲ್ಲಿ ಅದು ವಾಸ್ತವವನ್ನು ಒಪ್ಪಿದ ಮಾತು. ಅದರಿಂದ ವಿಳಂಬಕ್ಕೆ ಕೊನೆಯ ಬೇಲಿಯೂ ಇಲ್ಲದಾಯಿತು ಎಂಬುದು ನಮ್ಮ ಆತಂಕ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಈ ಮೌಲ್ಯಮಾಪನಕ್ಕೆ ಮಾದರಿಗಳನ್ನು ರೂಪಿಸಿ ತರಬೇತಿಯನ್ನೂ ಕೊಟ್ಟಿದೆ. ಆ ಜ್ಞಾನ ಕಲಬುರಗಿಯವರೆಗೆ ಗಟ್ಟಿಯಾಗಿ ಹರಿಯಬೇಕು.

ಬಾಲ ನ್ಯಾಯ ಕಾಯ್ದೆಯ ಬಲೆಗೆ ಬೀಳುತ್ತಿರುವವರು ಯಾರು ಎಂಬುದನ್ನೂ ನೋಡಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಕನಿಷ್ಠ ಶಿಕ್ಷೆಯಿಂದಾಗಿ, ಹದಿನೇಳರ ಹುಡುಗಿಯನ್ನು ಪ್ರೀತಿಸಿ ಅವಳೊಂದಿಗೆ ಊರು ಬಿಟ್ಟ ಹದಿನೇಳರ ಹುಡುಗನೂ ‘ಘೋರ ಅಪರಾಧ’ದ ಆರೋಪಿಯಾಗಬಹುದು. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥ ಪ್ರಕರಣಗಳನ್ನು ಕಂಡು, ಸಮ್ಮತಿಯ ವಯಸ್ಸಿನ ಮಾನದಂಡವನ್ನು ಕಾನೂನು ಆಯೋಗ ಮರುಚಿಂತಿಸಲಿ ಎಂದಿತು, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕೊಡಬೇಕೆಂದೂ ಸೂಚಿಸಿತು. ಕಾನೂನು ಆಯೋಗ 2023ರಲ್ಲಿ ಸಮ್ಮತಿಯ ವಯಸ್ಸು ಇಳಿಸುವುದು ಬೇಡ ಎಂದು ವರದಿ ಕೊಟ್ಟಿತು. ಆ ಚರ್ಚೆ ಬೇರೆಯದೇ. ಆದರೆ ದೆಹಲಿಯ ಬಸ್ಸಿನ ಕ್ರೌರ್ಯಕ್ಕಾಗಿ ತಂದ 15ನೇ ಸೆಕ್ಷನ್ನನ್ನು ಓಡಿಹೋದ ಜೋಡಿಯ ಹುಡುಗನ ಮೇಲೆ ಪ್ರಯೋಗಿಸುವುದು ನ್ಯಾಯವಲ್ಲ ಎಂದು ಹೇಳಲು ಯಾವ ಆಯೋಗವೂ ಬೇಕಿಲ್ಲ.

ಗೆರೆಯನ್ನು ಇನ್ನೂ ಕೆಳಗಿಳಿಸಿ ಎಂಬ ಕೂಗು ಆಗಾಗ ಏಳುತ್ತದೆ. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳರ ಹುಡುಗ ದುಬಾರಿ ಕಾರು ಓಡಿಸಿ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳ ಜೀವ ತೆಗೆದಾಗ, 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನೊಡನೆ ಅವನಿಗೆ ಜಾಮೀನು ಸಿಕ್ಕಿದ್ದು ದೇಶವನ್ನು ಕೆರಳಿಸಿತು. ಆ ಕೋಪ ಸಹಜ. ಕಾಯ್ದೆಯಲ್ಲಿ ಸುಧಾರಣೆ ಎಂದರೆ ಪ್ರಬಂಧ ಎಂದು ಎಲ್ಲೂ ಬರೆದಿಲ್ಲ. ವೈಯಕ್ತಿಕ ಪಾಲನಾ ಯೋಜನೆ, ಆಪ್ತ ಸಮಾಲೋಚನೆ, ವ್ಯಸನ ಬಿಡಿಸುವ ಚಿಕಿತ್ಸೆ, ಸಮುದಾಯ ಸೇವೆ, ಮೂರು ವರ್ಷದವರೆಗೆ ವಿಶೇಷ ಗೃಹ ಎಲ್ಲವೂ ಅದರಲ್ಲಿವೆ. ಸುಧಾರಣೆಯನ್ನು ಹೀಗೆ ಸಡಿಲಗೊಳಿಸುವವರೇ ಅದಕ್ಕೆ ಹೆಚ್ಚು ಕೆಟ್ಟ ಹೆಸರು ತರುತ್ತಾರೆ. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಆಟದ ಜಗಳ ಬೆಳೆದು ಆರನೇ ತರಗತಿಯ ಬಾಲಕನೊಬ್ಬ ತನಗಿಂತ ದೊಡ್ಡ ಬಾಲಕನನ್ನು ಚಾಕುವಿನಿಂದ ಇರಿದು ಕೊಂದ ಸುದ್ದಿ ಬಂದಾಗ ನಾಡು ಬೆಚ್ಚಿಬಿತ್ತು. ಅಲ್ಲಿ ಹದಿನಾರರ ಗೆರೆ ಲೆಕ್ಕಕ್ಕೇ ಬರಲಿಲ್ಲ. ಹಾಗಾದರೆ ಗೆರೆಯನ್ನು ಹನ್ನೆರಡಕ್ಕೆ ಎಳೆಯೋಣವೇ? ಆ ಚಾಕು ಆ ಎಳೆಯ ಕೈಗೆ ಯಾಕೆ ಬಂತು ಎಂಬ ಪ್ರಶ್ನೆಗೆ ಯಾವ ಗೆರೆಯೂ ಉತ್ತರ ಕೊಡುವುದಿಲ್ಲ.

ಹೊರಗಿನ ಅನುಭವವೂ ಇಲ್ಲಿ ಕೆಲಸಕ್ಕೆ ಬರುತ್ತದೆ. 1990ರ ದಶಕದಲ್ಲಿ ಅಮೆರಿಕದ ಬಹುತೇಕ ರಾಜ್ಯಗಳು ಹುಡುಗರನ್ನು ದೊಡ್ಡವರ ನ್ಯಾಯಾಲಯಕ್ಕೆ ಕಳುಹಿಸುವುದನ್ನು ಸುಲಭ ಮಾಡಿದವು. 2007ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪ್ರಕಟಿಸಿದ ತಜ್ಞರ ತಂಡದ ವರದಿ, ಹಾಗೆ ಕಳುಹಿಸಿದ ಹುಡುಗರಲ್ಲಿ ಮುಂದೆ ಹಿಂಸಾಕೃತ್ಯ ಕಡಿಮೆಯಾಗುವ ಬದಲು ಹೆಚ್ಚಾಗಿದೆ ಎಂದಿತು. ಹದಿನಾರರವರನ್ನೂ ವಯಸ್ಕರೆಂದೇ ಎಣಿಸುತ್ತಿದ್ದ ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾನೂನು ಬದಲಿಸಿ ಮಿತಿಯನ್ನು ಹದಿನೆಂಟಕ್ಕೆ ಏರಿಸಿತು. ಇನ್ನೊಂದು ಕಡೆಯ ಸತ್ಯವನ್ನೂ ಮುಚ್ಚಿಡಬಾರದು. 1993ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಳಿ ಎರಡು ವರ್ಷದ ಮಗುವನ್ನು ಕೊಂದ ಹತ್ತು ವರ್ಷದ ಇಬ್ಬರು ಬಾಲಕರನ್ನು 2001ರಲ್ಲಿ ಹೊಸ ಹೆಸರಿನೊಂದಿಗೆ ಬಿಡುಗಡೆ ಮಾಡಲಾಯಿತು. ಒಬ್ಬ ಬೇರೆ ಅಪರಾಧಗಳಿಗಾಗಿ ಮತ್ತೆ ಮತ್ತೆ ಜೈಲು ಸೇರಿದ. ಇನ್ನೊಬ್ಬನ ಮೇಲೆ ಮತ್ತೆ ದೂರು ಬಂದದ್ದು ತಿಳಿದಿಲ್ಲ. ಸುಧಾರಣೆ ಎಲ್ಲರಲ್ಲೂ ಫಲಿಸುತ್ತದೆ ಎಂದು ಯಾರೂ ಖಾತರಿ ಕೊಡಲಾರರು. ಆದ್ದರಿಂದಲೇ ಇಪ್ಪತ್ತೊಂದರ ಪರಿಶೀಲನೆಯಂಥ ವ್ಯವಸ್ಥೆ ಬೇಕು, ಅದಕ್ಕೆ ಜೀವ ತುಂಬುವ ಸಿಬ್ಬಂದಿ ಬೇಕು.

ಹತ್ತು ವರ್ಷದ ಲೆಕ್ಕದಲ್ಲಿ ಅತಿ ದೊಡ್ಡ ಬಾಕಿ ನೊಂದವರದು. ಮಗನನ್ನು ಕಳೆದುಕೊಂಡ ಮನೆಗೆ ಮಂಡಳಿಯ ಬಾಗಿಲು ಮುಚ್ಚಿರುತ್ತದೆ. ಕೇಸು ಎಲ್ಲಿಗೆ ಬಂತು ಎಂದು ಹೇಳುವವರಿಲ್ಲ. ಸಂತ್ರಸ್ತರ ಪರಿಹಾರ ಯೋಜನೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅರ್ಜಿ ಬರೆಯಲು ಗೊತ್ತಿಲ್ಲದ ಮನೆಗೆ ಅವು ತಾವಾಗಿ ಬರುವುದು ಅಪರೂಪ. ಹುಡುಗನಿಗೆ ಆಪ್ತ ಸಮಾಲೋಚನೆ ಕೇಳುವ ನಾವು, ಎದುರು ಮನೆಯ ತಾಯಿಗೂ ಅದನ್ನೇ ಕೇಳಬೇಕು. ನೊಂದವರು ಒಂಟಿಯಾದಷ್ಟೂ ‘ನೇಣು ಹಾಕಿ’ ಎಂಬ ಕೂಗು ಜೋರಾಗುತ್ತದೆ. ಅವರ ದುಃಖಕ್ಕೆ ಸರ್ಕಾರ ಕಿವಿಗೊಟ್ಟರೆ ಸುಧಾರಣೆಯ ಮಾತನ್ನೂ ಸಮಾಜ ಕೇಳುತ್ತದೆ.

ಹಾಗಾದರೆ ನಮ್ಮ ತೀರ್ಮಾನವೇನು? ಹದಿನಾರರ ಗೆರೆ ನೊಂದವರಿಗೆ ಬೇಗ ನ್ಯಾಯ ಕೊಡಲಿಲ್ಲ, ಹುಡುಗರನ್ನು ತಿದ್ದಲಿಲ್ಲ, ಬೀದಿಗಳನ್ನು ಹೆಚ್ಚು ಸುರಕ್ಷಿತ ಮಾಡಿತು ಎಂಬುದಕ್ಕೂ ಸಾಕ್ಷಿಯಿಲ್ಲ. ಸುಧಾರಣೆ ಸೋತಿತು ಎಂದು ಹೇಳಲೂ ಬರುವುದಿಲ್ಲ, ಯಾಕೆಂದರೆ ನಮ್ಮ ಜಿಲ್ಲೆಗಳಲ್ಲಿ ಅದನ್ನು ಪೂರ್ಣ ಮನಸ್ಸಿನಿಂದ ಮಾಡಿ ನೋಡಿಯೇ ಇಲ್ಲ. ಕೊಂದವನು ಉತ್ತರ ಹೇಳಲೇಬೇಕು. ತಾನು ಏನು ಮಾಡಿದೆ ಎಂಬುದನ್ನು ಎದುರಿಸಿ, ವರ್ಷಗಳ ಕಾಲ ಶಿಸ್ತಿನಲ್ಲಿ ಬದುಕಿ, ಓದಿ, ದುಡಿದು, ನೊಂದ ಮನೆಯ ಋಣ ಅರಿತು ಹೊರಬರಬೇಕು. ಅದು ಸುಲಭದ ಶಿಕ್ಷೆಯಲ್ಲ. ಅದನ್ನು ನಡೆಸುವ ಹೊಣೆ ಸರ್ಕಾರದ್ದು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುವ ಕಾಲವಿದು. ಅದರ ಒಂದು ಸಣ್ಣ ಪಾಲು ಸಾಕು ಈ ಕೆಲಸಗಳಿಗೆ. ಕಲಬುರಗಿಯ ಬಾಲ ನ್ಯಾಯ ಮಂಡಳಿ ನಿಯಮದಂತೆ ಪ್ರತಿದಿನ ಕೂರಲಿ, ತಿಂಗಳಿಗೊಮ್ಮೆಯಾದರೂ ಸೇಡಂನಲ್ಲಿ ಕಲಾಪ ನಡೆಸಲಿ. ಎರಡು ತಾಲ್ಲೂಕಿಗೆ ಒಬ್ಬರಂತೆ ಪರಿವೀಕ್ಷಣಾಧಿಕಾರಿಗಳನ್ನು ನೇಮಿಸಲಿ. ಈ ವಿಭಾಗದ ಹುಡುಗನನ್ನು ಆರುನೂರು ಕಿಲೋಮೀಟರ್ ದೂರದ ಬೆಂಗಳೂರಿನ ಮಡಿವಾಳದ ಸುರಕ್ಷತಾ ಸ್ಥಳಕ್ಕೆ ಕಳುಹಿಸುವ ಅಗತ್ಯ ಬೀಳದಂತೆ, ತಂದೆತಾಯಿ ಹೋಗಿ ನೋಡಿ ಬರುವಷ್ಟು ಹತ್ತಿರದಲ್ಲಿ, ಕಸುಬು ಕಲಿಸುವ ಸುಸಜ್ಜಿತ ಸುರಕ್ಷತಾ ಸ್ಥಳ ಇರಲಿ. ಹೊರಬಂದವನಿಗೆ ಮಿಷನ್ ವಾತ್ಸಲ್ಯದ ತಿಂಗಳ 4,000 ರೂಪಾಯಿ ಅನುಪಾಲನಾ ನೆರವು ತಪ್ಪದೆ ತಲುಪಲಿ, ಇಲ್ಲಿನ ಸಿಮೆಂಟ್ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ನಿಧಿಯಿಂದ ಅವನಿಗೆ ತರಬೇತಿಯ ಜಾಗ ಕೊಡಲಿ. ಹುಡುಗರ ಕೈಗೆ ಶಸ್ತ್ರ ಕೊಟ್ಟು ಹಿಂದೆ ನಿಲ್ಲುವ ದೊಡ್ಡವರಿಗೆ ಏಳು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿ ದಂಡ ವಿಧಿಸುವ 83ನೇ ಸೆಕ್ಷನ್ ಇದೇ ಕಾಯ್ದೆಯಲ್ಲಿದೆ, ಪೊಲೀಸರು ಅದನ್ನು ಬಳಸಲಿ. ನೊಂದ ಕುಟುಂಬಕ್ಕೆ ಮೊದಲ ದಿನದಿಂದಲೇ ಕಾನೂನು ಸೇವಾ ಪ್ರಾಧಿಕಾರದ ಒಬ್ಬ ವಕೀಲರು ಜೊತೆಗಿರಲಿ.

ಓದುಗರಲ್ಲಿ ನಮ್ಮ ವಿನಂತಿ ಒಂದಿದೆ. ನಿಮ್ಮ ಊರಿಗೆ ಮುಂದಿನ ಸಲ ಶಾಸಕರು ಬಂದಾಗ ಸಮುದಾಯ ಭವನದ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿ: ನಮ್ಮ ತಾಲ್ಲೂಕಿಗೆ ಪರಿವೀಕ್ಷಣಾಧಿಕಾರಿ ಯಾರು, ಅವರು ಕೊನೆಯ ಬಾರಿ ಬಂದದ್ದು ಯಾವಾಗ? ಹತ್ತನೇ ತರಗತಿಯಲ್ಲಿ ಫೇಲಾದ ಹುಡುಗ ನಿಮ್ಮ ಓಣಿಯಲ್ಲಿದ್ದರೆ ಅವನ ಮುಂದಿನ ಪರೀಕ್ಷೆಯ ಅರ್ಜಿ ತುಂಬಿಸಿ. ವಯಸ್ಸಿನ ಗೆರೆಯನ್ನು ಇನ್ನೂ ಕೆಳಗಿಳಿಸುವ ಯಾವ ಪ್ರಸ್ತಾಪಕ್ಕೂ ನಮ್ಮ ಒಪ್ಪಿಗೆಯಿಲ್ಲ. 2016ರಲ್ಲಿ ಬರೆದುಕೊಟ್ಟ ಸುಧಾರಣೆಯ ಮಾತನ್ನು ಸರ್ಕಾರ ಮೊದಲು ಕುರಕುಂಟಾದಲ್ಲಿ, ಚಿಂಚೋಳಿಯಲ್ಲಿ, ಶಹಾಬಾದಿನಲ್ಲಿ ನಡೆಸಿ ತೋರಿಸಲಿ.